ಮುಂಬೈನಲ್ಲಿ ಕುದುರೆ ಕೊಳ್ಳುವವರೇ, ದಲ್ಲಾಳಿ ಕೊಡುವ ಚೀಟಿ ನಂಬಬೇಡಿ

ಮದುವೆ ಮೆರವಣಿಗೆಗೋ ಸವಾರಿಗೋ ಮುಂಬೈ ಕಡೆ ಕುದುರೆ ಕೊಳ್ಳುವವರಿದ್ದರೆ ಇದನ್ನೊಮ್ಮೆ ಓದಿ. ಡೊಂಬಿವಲಿಯಲ್ಲಿರುವ ನಮ್ಮ ಭಾವನಿಗೆ ಒಬ್ಬ ದಲ್ಲಾಳಿ ಬಿಳಿ ಹೆಣ್ಣುಕುದುರೆಯೊಂದನ್ನು ಮಾರಿದ. ಅದಕ್ಕೆ ಗ್ಲ್ಯಾಂಡರ್ಸ್ ಅನ್ನೋ ಕುದುರೆಗಳ ಅಂಟುರೋಗ ಇತ್ತು.

ಬಂದಾಗ ನೋಡೋಕೆ ಚೆನ್ನಾಗೇ ಇತ್ತು. ಜೊತೆಗೆ ರಕ್ತ ಪರೀಕ್ಷೆಯ ವರದಿ, ‘ರೋಗ ಇಲ್ಲ’ ಅಂತ. ಕೆಲವು ವಾರ ಕಳೆದ ಮೇಲೆ ಒಂದೇ ಹೊಳ್ಳೆಯಿಂದ ಅಂಟಂಟಾದ ಹಳದಿ ಗೊಣ್ಣೆ ಇಳಿಯತೊಡಗಿತು. ಪಶುವೈದ್ಯರು ಕೈಗವಸು, ಮಾಸ್ಕ್ ಹಾಕಿಕೊಂಡು ಮೂಗಿನೊಳಗೆ ಟಾರ್ಚ್ ಬಿಟ್ಟರು. ನಡುವಿನ ಗೋಡೆಯ ಮೇಲೆ ಹುಣ್ಣು, ಪಕ್ಕದಲ್ಲೇ ಒಣಗಿದ ಹಳೇ ಹುಣ್ಣಿನ ಕಲೆ. ಆಮೇಲೆ ವರದಿ ಕೇಳಿ ಓದಿದರು. ‘ಬಿಳಿ ಹೆಣ್ಣು, ಐದು ವರ್ಷ, ಬಲಗಿವಿಯ ತುದಿ ಸೀಳಿದೆ’ ಅಂತಿತ್ತು. ನಮ್ಮ ಕುದುರೆಯ ಎರಡು ಕಿವಿಯೂ ನೆಟ್ಟಗಿದ್ದವು. ಹಲ್ಲು ನೋಡಿದರೆ ಹತ್ತು ದಾಟಿದ ವಯಸ್ಸು. ವರದಿ ಅಸಲಿಯೇ, ಆದರೆ ಬೇರೆ ಯಾವುದೋ ಕುದುರೆಯದು!

ದಲ್ಲಾಳಿ ವ್ಯಾಪಾರ ಕುದುರಿಸಿದ್ದು ಒಂದೇ ಮಾತಿನಿಂದ. ‘ನಮ್ಮ ಮುತ್ತಜ್ಜ ಬೊಂಬಾಯಿ ಬಂದರಿನಲ್ಲಿ ಅರಬ್ಬಿ ಕುದುರೆ ಇಳಿಸಿದವರು ಸಾಹೇಬ್, ನಮಗೆ ಕುದುರೆ ಗೊತ್ತಿಲ್ವಾ?’ ಇದು ನಿಜವೋ ಸುಳ್ಳೋ, ನಿಜವೇ ಆಗಿದ್ದರೆ ಇನ್ನೂ ಜಾಸ್ತಿ ಹೆದರಬೇಕಿತ್ತು.

ಯಾಕಂದ್ರೆ ಆ ಕಾಲದ ಬೊಂಬಾಯಿಯಲ್ಲಿ ಈ ರೋಗ ಹರಡಲು ಬೇಕಾದದ್ದೆಲ್ಲ ಇತ್ತು. ಬಸ್ರಾ ಕಡೆಯಿಂದ ಅರಬ್ಬಿ ಕುದುರೆಗಳು, ಆಸ್ಟ್ರೇಲಿಯಾದಿಂದ ವೇಲರ್ ಕುದುರೆಗಳು ಹಡಗಿನಲ್ಲಿ ಒತ್ತಾಗಿ ನಿಂತು ಬರುತ್ತಿದ್ದವು. ಇಳಿದ ಮೇಲೆ ಮಾರಾಟದ ಲಾಯ. ಅಲ್ಲಿಂದ ಸೈನ್ಯಕ್ಕೆ, ಬಾಡಿಗೆ ಗಾಡಿಗೆ, 1874ರಲ್ಲಿ ಶುರುವಾದ ಕುದುರೆ ಟ್ರಾಮಿಗೆ. ಒಂದು ಕುದುರೆಯ ಸಿಂಬಳ ತೊಟ್ಟಿಯ ನೀರಿಗೆ ಬಿದ್ದರೆ ಸಾಕು, ಆಮೇಲೆ ಕುಡಿಯುವ ಕುದುರೆಗೂ ರೋಗ ಅಂಟಬಹುದು. ಅದರಲ್ಲೂ ಕೆಲವು ಕುದುರೆಗಳು ಹೊರಗೆ ಏನನ್ನೂ ತೋರಿಸದೆ ತಿಂಗಳುಗಟ್ಟಲೆ ರೋಗ ಹೊತ್ತು ತಿರುಗುತ್ತವೆ. ಇನ್ನು ಮೂಗು ಸೋರುವುದನ್ನು ಮುಚ್ಚಿಡಲು ಹೊಳ್ಳೆಯೊಳಗೆ ಸ್ಪಂಜು ತುರುಕಿ ಮಾರುವುದು ಆ ಕಾಲದ ಕುದುರೆ ವ್ಯಾಪಾರಿಗಳ ಹಳೇ ಮೋಸ.

1890ರ ದಶಕದಲ್ಲಿ ಮ್ಯಾಲಿನ್ ಪರೀಕ್ಷೆ ಬಂದ ಮೇಲೆ ಬಚ್ಚಿಟ್ಟ ರೋಗವನ್ನೂ ಹಿಡಿಯಲು ದಾರಿಯಾಯಿತು. ರೋಗಾಣುವಿನಿಂದಲೇ ತಯಾರಿಸಿದ ದ್ರವ ಅದು. ಕಣ್ಣಿನ ಕೆಳರೆಪ್ಪೆಗೆ ಚುಚ್ಚಿದರೆ, ರೋಗ ಇದ್ದ ಕುದುರೆಯ ಕಣ್ಣು ಎರಡು ದಿನದೊಳಗೆ ಊದಿ ಕೀವು ಸುರಿಸುತ್ತದೆ. ಪರೇಲ್‌ನಲ್ಲಿ 1886ರಿಂದಲೇ ಪಶುವೈದ್ಯ ಕಾಲೇಜು ಇತ್ತು. 1899ರಲ್ಲಿ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ (ಇದೇ ರೋಗ ಚರ್ಮದಲ್ಲಿ ಕಾಣಿಸಿಕೊಂಡರೆ ಇರುವ ಹೆಸರು) ಕಾಯ್ದೆ ಬಂತು. ಇನ್ಸ್‌ಪೆಕ್ಟರ್ ಲಾಯಕ್ಕೆ ನುಗ್ಗಿ ಹುಡುಕಬಹುದು, ರೋಗದ ಕುದುರೆಯನ್ನು ಕೊಲ್ಲಿಸಬಹುದು. ಮಾಲೀಕ ವಿಷಯ ಮುಚ್ಚಿಡುವಂತಿಲ್ಲ. ಬ್ರಿಟಿಷರಿಗೆ ಕುದುರೆಗಳ ಮೇಲೆ ಏನೋ ಮಮತೆ ಅಂದುಕೊಳ್ಳಬೇಡಿ, ಕುದುರೆ ಇಲ್ಲದೆ ಅವರ ಸೈನ್ಯ ನಡೆಯುತ್ತಿರಲಿಲ್ಲ, ಅಷ್ಟೇ.

ಈಗ ಆ ಕಾಯ್ದೆಯ ಜಾಗದಲ್ಲಿ ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕಾಯ್ದೆ ಇದೆ. ಆದರೆ ಈ ರೋಗಕ್ಕೆ ಇವತ್ತಿಗೂ ಲಸಿಕೆ ಇಲ್ಲ, ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಕೊಡುವಂತಿಲ್ಲ. ಹರಿಯಾಣದ ಹಿಸಾರ್‌ನಲ್ಲಿರುವ ಕುದುರೆ ಸಂಶೋಧನಾ ಕೇಂದ್ರದ ಪ್ರಯೋಗಾಲಯದಿಂದ ‘ರೋಗ ಇದೆ’ ಅಂತ ಬಂದ ಮೇಲೆ ಭಾವನ ಕುದುರೆಯನ್ನು ಇಂಜೆಕ್ಷನ್ ಕೊಟ್ಟು ಕೊಂದು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತರು. ಹುಲ್ಲು, ಹಗ್ಗ, ಜೂಲು ಎಲ್ಲ ಸುಟ್ಟರು. ಉಳಿದ ಕುದುರೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಅವುಗಳಿಗೆ ಅಂಟಿರಲಿಲ್ಲ, ಆದರೆ ಹೊರಗೆ ಒಯ್ಯುವಂತಿರಲಿಲ್ಲ. ಮದುವೆ ಸೀಸನ್ ಪೂರ್ತಿ ಹೋಯಿತು. ದಲ್ಲಾಳಿಯ ಫೋನು ಸ್ವಿಚ್ ಆಫ್.

ಆದ್ದರಿಂದ ಕುದುರೆ ನೋಡಲು ಹೋಗುವಾಗ ನಿಮ್ಮದೇ ಪಶುವೈದ್ಯರನ್ನು ಕರೆದುಕೊಂಡು ಹೋಗಿ. ವರದಿಯಲ್ಲಿರುವ ಗುರುತು, ಸುಳಿ, ವಯಸ್ಸನ್ನು ಕುದುರೆಯ ಪಕ್ಕದಲ್ಲೇ ನಿಂತು ಹೋಲಿಸಿ. ಬಿಳಿ ಕುದುರೆಗಳೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ, ಅಲ್ವಾ? ರಕ್ತ ನಿಮ್ಮ ಕಣ್ಣೆದುರೇ ತೆಗೆಸಿ, ಫಲಿತಾಂಶ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಮನೆಗೆ ತಂದ ಮೇಲೂ ಬೇರೆ ಲಾಯ, ಬೇರೆ ಬಕೆಟ್, ಬೇರೆ ಬ್ರಷ್ ಇಡಿ.

ಇನ್ನೊಂದು ಮಾತು. ಈ ರೋಗ ಮನುಷ್ಯರಿಗೂ ಅಂಟುತ್ತೆ, ಜೀವ ತೆಗೆಯುತ್ತೆ. ಲಾಯದಲ್ಲಿ ಕೆಲಸ ಮಾಡುವ ಹುಡುಗನಿಗೆ ಜ್ವರ ಬಂದರೆ ಸುಮ್ನೆ ಮಾತ್ರೆ ಕೊಟ್ಟು ಮಲಗಿಸಬೇಡಿ. ಆಸ್ಪತ್ರೆಗೆ ಕರೆದೊಯ್ದು, ಅವನು ಕುದುರೆ ನೋಡಿಕೊಳ್ಳುತ್ತಾನೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.