ಮೆನಿಂಗೊಕಾಕಸ್ ಗುಂಪು ಪತ್ತೆ: ಸ್ಲೈಡ್, ಲ್ಯಾಟೆಕ್ಸ್, ಪಿಸಿಆರ್

ಬಳ್ಳಾರಿಯ ಪ್ರಯೋಗಾಲಯವೊಂದರಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ರೋಗಿಗಳ ಬೆನ್ನುಹುರಿ ದ್ರವವನ್ನು ಪರೀಕ್ಷಿಸುತ್ತಾ ಬಂದಿರುವ ನಾನು, ಆ ರೋಗ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಯಾವ ಗುಂಪಿನದೆಂದು ತಿಳಿಯಲು ಸ್ಲೈಡ್, ಲ್ಯಾಟೆಕ್ಸ್, ಪಿಸಿಆರ್ ಎಂಬ ಮೂರು ವಿಧಾನಗಳನ್ನೂ ಬಳಸಿ ನೋಡಿದ್ದೇನೆ. ಹೊರಗಿನ ಹೊದಿಕೆಯ ಆಧಾರದ ಮೇಲೆ ಈ ಬ್ಯಾಕ್ಟೀರಿಯಾದಲ್ಲಿ 12 ಗುಂಪುಗಳಿದ್ದರೂ ರೋಗದ ಬಹುಪಾಲು ಎ, ಬಿ, ಸಿ, ಡಬ್ಲ್ಯು, ಎಕ್ಸ್, ವೈ ಎಂಬ ಆರರಿಂದಲೇ ಬರುತ್ತದೆ. ಎ, ಸಿ, ಡಬ್ಲ್ಯು, ವೈ ಗುಂಪುಗಳ ಲಸಿಕೆಯು ಬಿ ಗುಂಪನ್ನು ತಡೆಯಲೆಂದು ಮಾಡಿದ್ದಲ್ಲವಾದ್ದರಿಂದ ಗುಂಪು ಗೊತ್ತಾಗುವುದು ಮುಖ್ಯ.

ಸ್ಲೈಡ್ ವಿಧಾನ ಸರಳ. ಚಾಕಲೇಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಮೇಲೆ ಬೆಳೆದ ಕಾಲೊನಿಯನ್ನು ಸಲೈನ್‌ನಲ್ಲಿ ಕಲೆಸಿ, ಒಂದು ಗುಂಪನ್ನು ಗುರುತಿಸುವ ಪ್ರತಿಕಾಯಗಳಿರುವ ಆಂಟಿಸೀರಂ ಒಂದು ಹನಿ ಸೇರಿಸಿ ಸ್ಲೈಡನ್ನು ತೂಗಿದರೆ, ಅದೇ ಗುಂಪಿನದಾಗಿದ್ದಲ್ಲಿ ಒಂದೆರಡು ನಿಮಿಷದೊಳಗೆ ಹಾಲು ಒಡೆದಂತೆ ಕಣಗಳು ಕಾಣುತ್ತವೆ. ಬರೀ ಸಲೈನ್‌ನಲ್ಲೂ ಹಾಗೆಯೇ ಒಡೆದರೆ ಆ ಫಲಿತಾಂಶವನ್ನು ನಂಬಬಾರದು. ಅವಸರದಲ್ಲಿ ಇದನ್ನು ನೋಡದೆ ಒಮ್ಮೆ ತಪ್ಪು ಗುಂಪು ಬರೆದು, ಮರುದಿನ ನಾನೇ ತಿದ್ದಬೇಕಾಯಿತು. ಆದರೆ ಕಾಲೊನಿ ಬೆಳೆದರೆ ತಾನೆ ಈ ಮಾತು? ಸಿರುಗುಪ್ಪ, ಸಂಡೂರು ಕಡೆಯಿಂದ ಬರುವ ರೋಗಿಗೆ ಅಲ್ಲಿಯೇ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟಿರುತ್ತಾರೆ, ಕೊಡಲೇಬೇಕು ಕೂಡ. ಕೆಲವೇ ಗಂಟೆಗಳಲ್ಲಿ ದ್ರವದಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಇನ್ನೊಂದು ತೊಡಕು ನಮ್ಮ ಬಿಸಿಲಿನಿಂದ ಹುಟ್ಟಿದ್ದು: ಸೆಖೆಗೆ ಕೆಡುತ್ತದೆಂದು ಹೆದರಿ ಸ್ಯಾಂಪಲನ್ನು ಐಸ್ ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ, ಮೆನಿಂಗೊಕಾಕಸ್ ಆ ತಂಪಿಗೇ ಸಾಯುತ್ತದೆ.

ಪ್ರತಿಕಾಯ ಅಂಟಿಸಿದ ಸೂಕ್ಷ್ಮ ಮಣಿಗಳಿರುವ ಲ್ಯಾಟೆಕ್ಸ್ ಕಿಟ್ ದ್ರವದ ಮೇಲೆ ನೇರವಾಗಿ, ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಬಿ ಗುಂಪಿನ ಹೊದಿಕೆಯೂ ಹಸುಗೂಸುಗಳಲ್ಲಿ ಮೆನಿಂಜೈಟಿಸ್ ತರುವ ಇ. ಕೋಲಿ ಕೆ1 ಬ್ಯಾಕ್ಟೀರಿಯಾದ ಹೊದಿಕೆಯೂ ರಾಸಾಯನಿಕವಾಗಿ ಒಂದೇ ಆಗಿರುವುದರಿಂದ, ಹಸುಗೂಸಿನ ಸ್ಯಾಂಪಲ್‌ನಲ್ಲಿ ಪಾಸಿಟಿವ್ ಬಂದರೆ ಯಾವುದೆಂದು ಹೇಳಲಾಗದು. ಸ್ಯಾಂಪಲ್‌ಗಳೇ ಕಡಿಮೆ ಇರುವಲ್ಲಿ ಕಿಟ್ ಮುಗಿಯುವ ಮೊದಲೇ ಅದರ ಅವಧಿ ಮುಗಿಯುತ್ತದೆ. ಮತ್ತೆ ತರಿಸಲು ನನಗೆ ಮನಸ್ಸಿಲ್ಲ.

ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪಿಸಿಆರ್‌ಗೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಸಾಕು, ಐಸ್ ಡಬ್ಬಿಯೂ ಅಡ್ಡಿಯಲ್ಲ. ಮೊದಲು ಮೆನಿಂಗೊಕಾಕಸ್ ಇದೆಯೇ ಎಂದು ತೋರುವ ಸಿಟಿಆರ್‌ಎ ಜೀನ್ ಹುಡುಕಿ, ಸಿಕ್ಕರೆ ಆಯಾ ಗುಂಪಿನ ಜೀನ್ ನೋಡುತ್ತೇವೆ. ಕಲ್ಚರ್‌ನಲ್ಲಿ (ಅಗಾರ್ ಮೇಲೆ ಬೆಳೆಸಿದಾಗ) ಏನೂ ಬೆಳೆಯದ ಸ್ಯಾಂಪಲ್‌ಗಳಲ್ಲಿಯೂ ಇದರಿಂದ ಗುಂಪು ಸಿಕ್ಕಿದ್ದುಂಟು. ಒಂದೇ ಸ್ಯಾಂಪಲ್‌ಗೂ ಕಂಟ್ರೋಲ್‌ಗಳನ್ನೆಲ್ಲ (ಪರೀಕ್ಷೆ ಸರಿಯಾಗಿದೆಯೇ ಎಂದು ನೋಡುವ ಸ್ಯಾಂಪಲ್‌ಗಳು) ಓಡಿಸಬೇಕಾದ್ದರಿಂದ ಖರ್ಚು ಹೆಚ್ಚು. ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆಂಬುದನ್ನು ತಿಳಿಯಲು ಕಲ್ಚರ್ ಬೇಕೇ ಬೇಕು.

ಹೀಗಾಗಿ ದ್ರವ ಸಾಕಷ್ಟಿದ್ದರೆ ಅರ್ಧವನ್ನು ಕೂಡಲೇ ಕಲ್ಚರ್‌ಗೆ ಹಾಕಿ, ಉಳಿದದ್ದನ್ನು ಪಿಸಿಆರ್‌ಗೆ ತೆಗೆದಿಡುತ್ತೇನೆ. ನಾಲ್ಕು ಹನಿ ಮಾತ್ರ ಬಂದಾಗ, ಇಂಜೆಕ್ಷನ್‌ಗೆ ಮೊದಲು ತೆಗೆದದ್ದಾದರೆ ಕಲ್ಚರ್, ನಂತರದ್ದಾದರೆ ಪಿಸಿಆರ್. ಅದಕ್ಕೆ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರೆಂಬುದು ಗೊತ್ತಿರಬೇಕು. ಫಾರಂನಲ್ಲಿ ಆ ಜಾಗ ಹೆಚ್ಚಾಗಿ ಖಾಲಿಯೇ ಬರುತ್ತದೆ.