ಟೆರೇಸ್ ಕಾಫಿ: ತೊಳೆದು ಒಣಗಿಸೋದಾ, ಹಣ್ಣಾಗಿಯೇ ಒಣಗಿಸೋದಾ?

ಮೊದಲು ಗಿಡದ ವಿಷಯ ಮುಗಿಸಿಬಿಡುತ್ತೇನೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ಪುಣೆಯಲ್ಲಿ ಕುಂಡದಲ್ಲಿ ಬೆಳೆಸುವುದಾದರೆ ಅರೇಬಿಕಾನೇ ತನ್ನಿ. ಇಲ್ಲಿನ ಎತ್ತರ 560 ಮೀಟರ್ ಆಸುಪಾಸು, ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆ ಲೆಕ್ಕದಲ್ಲಿ ತಗ್ಗಿಗೂ ಸೆಖೆಗೂ ಒಗ್ಗುವ ರೊಬಸ್ಟಾ ಸರಿ ಅನ್ನಿಸುತ್ತದೆ, ನನ್ನ ಟೆರೇಸ್‌ನಲ್ಲಿ ದಪ್ಪ ಎಲೆ ಬಿಟ್ಟು ಜಮ್ಮಂತ ನಿಂತಿರುವುದೂ ಅದೇ. ಆದರೆ ರೊಬಸ್ಟಾ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಪಕ್ಕದಲ್ಲಿ ಬೇರೆ ರೊಬಸ್ಟಾ ಗಿಡ ಇರಬೇಕು. ಒಂಟಿ ಗಿಡ ಘಮ್ಮಂತ ಹೂ ಬಿಡುತ್ತದೆ, ಉದುರಿಸಿ ಸುಮ್ನಾಗುತ್ತದೆ. ಅರೇಬಿಕಾಗೆ ಆ ತಕರಾರಿಲ್ಲ. ಬೇಸಿಗೆಯಲ್ಲಿ ಶೇಡ್‌ನೆಟ್ ಕಟ್ಟಿದರೆ ಬದುಕಿಕೊಳ್ಳುತ್ತದೆ. ಊರಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ ಅಲ್ವಾ, ಇಲ್ಲಿ ಆ ಮಳೆಯೂ ನಾವೇ. ಫೆಬ್ರವರಿಯಲ್ಲಿ ನೀರು ಕಮ್ಮಿ ಮಾಡಿ, ಮಾರ್ಚ್‌ನಲ್ಲಿ ಒಮ್ಮೆ ಚೆನ್ನಾಗಿ ನೆನೆಸಬೇಕು.

ಈಗ ಅಸಲು ಜಗಳ. ಹಣ್ಣು ಬಂತು, ಮುಂದೇನು? ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ ಸಿಕ್ಕರೆ ಹೆಚ್ಚು, ಹಾಗಾಗಿ ಕುಂಡದ ಫಸಲಲ್ಲಿ ಒಂದು ಹಿಡಿ ಹಾಳಾದರೂ ಹೊಟ್ಟೆ ಉರಿಯುತ್ತದೆ. ನಾನು ಎರಡೂ ಮಾಡಿ ನೋಡಿದ್ದೇನೆ.

ತೋಟದವರು ಪಾರ್ಚ್‌ಮೆಂಟ್ ಅನ್ನುವುದು ತೊಳೆದದ್ದನ್ನು. ಹಣ್ಣನ್ನು ಬಕೆಟ್ ನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದು, ಉಳಿದದ್ದನ್ನು ಬೆರಳಲ್ಲಿ ಹಿಚುಕಿದರೆ ಎರಡು ಬೀಜ ಜಾರಿ ಹೊರಗೆ ಬರುತ್ತವೆ, ಮೈತುಂಬ ಲೋಳೆ. ಅದನ್ನು ಸ್ಟೀಲ್ ಪಾತ್ರೆಯಲ್ಲಿ ಒಂದು ದಿನ, ಚಳಿ ಜಾಸ್ತಿ ಇದ್ದರೆ ಒಂದೂವರೆ ದಿನ ಮುಚ್ಚಿಡಿ. ಗಡಿಯಾರ ನಂಬಬೇಡಿ. ಒಂದು ಮುಷ್ಟಿ ತೊಳೆದು ಉಜ್ಜಿ ನೋಡಿ. ಜಾರಿದರೆ ಇನ್ನೂ ಆಗಿಲ್ಲ, ಕಲ್ಲಿನಂತೆ ಗರಗರ ಅಂದರೆ ಆಯಿತು. ಅಲ್ಲಿಂದ ಮುಂದೆ ಬಿಟ್ಟರೆ ಹುಳಿ ನಾತ ಲೋಟದವರೆಗೂ ಬರುತ್ತದೆ. ಮೂರು ನಾಲ್ಕು ನೀರಲ್ಲಿ ತೊಳೆದು ಜಾಲರಿಯ ಮೇಲೆ ಹರಡಿದರೆ ಪುಣೆಯ ಡಿಸೆಂಬರ್, ಜನವರಿಯ ಒಣ ಗಾಳಿಗೆ ವಾರ, ಹತ್ತು ದಿನದಲ್ಲಿ ಸಿದ್ಧ.

ಚೆರಿ ಅಂದರೆ ಹಣ್ಣನ್ನು ಹಾಗೇ ಒಣಗಿಸುವುದು. ಕೇಳಲು ಸುಲಭ. ಹರಡಬೇಕು, ದಿನಾ ಕೈಯಾಡಿಸಬೇಕು, ರಾತ್ರಿ ಒಳಗೆ ತರಬೇಕು, ಇರುವೆ ಓಡಿಸಬೇಕು. ಎರಡು ಮೂರು ವಾರಕ್ಕೆ ಕಪ್ಪಾಗಿ, ಅಲ್ಲಾಡಿಸಿದರೆ ಒಳಗೆ ಗಿಲಗಿಲ ಅನ್ನುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಮ್ಮ ಅತ್ತಿಗೆಯ ಬಾಲ್ಕನಿಯಲ್ಲಿ ಮಾತ್ರ ಅದಕ್ಕೆ ಬೂಷ್ಟು ಹಿಡಿಯಿತು, ಸಮುದ್ರದ ಕಡೆಯ ತೇವಕ್ಕೆ ಚೆರಿ ಆಗಿ ಬರುವುದಿಲ್ಲ ಅಂತಲೇ ನನ್ನ ಲೆಕ್ಕ. ಪುಣೆಯಲ್ಲಿ ಒಣಗುವುದು ಕಷ್ಟವಲ್ಲ, ಸಿಪ್ಪೆ ಬಿಡಿಸುವುದು ಕಷ್ಟ. ಪಾರ್ಚ್‌ಮೆಂಟ್ ಸಿಪ್ಪೆ ಮಿಕ್ಸಿಯಲ್ಲಿ ಚೂರು ಚೂರೇ ಹಾಕಿ ತಡೆದು ತಡೆದು ತಿರುಗಿಸಿದರೆ ಬಿಡುತ್ತದೆ, ಮೊರದಲ್ಲಿ ಕೇರಿದರೆ ಮುಗಿಯಿತು. ಚೆರಿಗೆ ಕುಟ್ಟಾಣಿಯೇ ಗತಿ, ಅರ್ಧ ಬೀಜ ಒಡೆಯುತ್ತದೆ, ಕೆಳಗಿನ ಮನೆಯ ಕಾಕಾ ಮೇಲೆ ಬಂದು ಏನು ಕೆಲಸ ನಡೀತಿದೆ ಅಂತ ಕೇಳುತ್ತಾರೆ.

ರುಚಿ? ಚೆರಿಯ ಡಿಕಾಕ್ಷನ್ ದಪ್ಪ, ಹಣ್ಣಿನ ಸಿಹಿ ವಾಸನೆ, ಹಾಲಿಗೆ ಚೆನ್ನಾಗಿ ಕೂರುತ್ತದೆ. ತೊಳೆದದ್ದು ಸ್ವಚ್ಛ, ಸ್ವಲ್ಪ ಹುಳಿ, ಬ್ಲ್ಯಾಕ್ ಕುಡಿಯುವವರಿಗೆ ಅದೇ. ಚಿಕೋರಿ ಬೆರೆಸುವವರಾದರೆ ಈ ಚರ್ಚೆಯೇ ದಂಡ, ಎರಡೂ ಒಂದೇ ತರ ಆಗಿಬಿಡುತ್ತವೆ.

ಹುರಿಯುವಾಗ ಚೆರಿಗೆ ಉರಿ ಸಣ್ಣದಿರಲಿ, ಬಾಣಲೆಯಲ್ಲಿ ಬಣ್ಣ ಒಂದೇ ಸಮ ಬರುವುದಿಲ್ಲ, ಒಡೆದ ಚೂರು ಮೊದಲೇ ಕರಕಲಾಗುತ್ತವೆ. ನಾನಂತೂ ಈ ಸಲ ಪೂರ್ತಿ ತೊಳೆಯುವುದೇ, ಗಿಡದಲ್ಲಿ ಕೊನೆಗೆ ಹಣ್ಣಾಗುವ ನಾಲ್ಕು ಕಾಯಿ ಮಾತ್ರ ಚೆರಿಗೆ, ಅದೂ ಅಮ್ಮ ಕೇಳುತ್ತಾರೆ ಅಂತ.