ಒಂದೇ ಗುವೊ ಜಿಂಗ್, ಐದು ಧಾರಾವಾಹಿ: ಯಾವುದನ್ನು ನೋಡೋದು?

ಯಾರಾದರೂ ಚೀನೀ ಧಾರಾವಾಹಿ ‘ಲೆಜೆಂಡ್ ಆಫ್ ದ ಕಾಂಡರ್ ಹೀರೋಸ್’ ನೋಡಿ, ಸಖತ್ತಾಗಿದೆ ಅಂದರೆ ಮೊದಲು ಒಂದು ಮಾತು ಕೇಳಿಕೊಳ್ಳಿ: ಯಾವ ವರ್ಷದ್ದು? ಚೀನೀ ಕಾದಂಬರಿಕಾರ ಜಿನ್ ಯೊಂಗ್ ಈ ಕತೆಯನ್ನು 1957ರಿಂದ 1959ರವರೆಗೆ ಹಾಂಗ್‌ಕಾಂಗ್‌ನ ಪತ್ರಿಕೆಯೊಂದಕ್ಕೆ ಕಂತುಕಂತಾಗಿ ಬರೆದರು. ಆಮೇಲೆ ಟೀವಿಯವರು ಅದರ ಬೆನ್ನು ಬಿಟ್ಟೇ ಇಲ್ಲ. 1976, 1983, 1988, 1994, 2003, 2008, 2017, 2024. ಸಿನಿಮಾಗಳ ಲೆಕ್ಕ ಬೇರೆ. ಇವುಗಳಲ್ಲಿ 1983, 1994, 2003, 2008, 2017ರ ಐದನ್ನು ನಾನು ಇಂಗ್ಲಿಷ್ ಸಬ್‌ಟೈಟಲ್ ನಂಬಿಕೊಂಡು ನೋಡಿದ್ದೇನೆ. ಬೋರಾದ ಕಡೆ ಓಡಿಸಿಕೊಂಡು ನೋಡಿದ್ದೂ ಇದೆ.

ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ದಕ್ಷಿಣದಲ್ಲಿ ಸೊಂಗ್ ರಾಜ್ಯ, ಉತ್ತರವನ್ನು ನುಂಗಿ ಕೂತ ಜಿನ್ ರಾಜ್ಯ, ಅದರ ಆಚೆ ತಲೆಯೆತ್ತುತ್ತಿರುವ ಮಂಗೋಲರು. ಹಾಂಗ್‌ಝೌ ಹತ್ತಿರದ ಒಂದು ಹಳ್ಳಿಯ ಇಬ್ಬರು ಗೆಳೆಯರ ಮನೆ ಒಂದೇ ರಾತ್ರಿಯಲ್ಲಿ ಹಾಳಾಗುತ್ತದೆ. ಒಬ್ಬನ ಮಗ ಗುವೊ ಜಿಂಗ್ ಗೆಂಘಿಸ್ ಖಾನನ ಬೀಡಿನಲ್ಲಿ ಬೆಳೆಯುತ್ತಾನೆ. ಇನ್ನೊಬ್ಬನ ಮಗ ಯಾಂಗ್ ಕಾಂಗ್ ಜಿನ್ ರಾಜಕುಮಾರನ ಅರಮನೆಯಲ್ಲಿ, ಅವನನ್ನೇ ಅಪ್ಪ ಅಂದುಕೊಂಡು ಬೆಳೆಯುತ್ತಾನೆ. ಗುವೊ ಜಿಂಗ್ ಒಳ್ಳೆಯವನು, ಆದರೆ ದಡ್ಡ. ಏಳು ಜನ ಗುರುಗಳು ವರ್ಷಗಟ್ಟಲೆ ಬೆವರು ಸುರಿಸಿದರೂ ಅವನ ತಲೆಗೆ ವಿದ್ಯೆ ಇಳಿಯುವುದು ಹನಿಹನಿಯಾಗಿ. ಅವನ ಜೊತೆಗಾತಿ ಹುವಾಂಗ್ ರೊಂಗ್ ಇಡೀ ಕತೆಯಲ್ಲೇ ಚುರುಕು ತಲೆಯವಳು.

ರೀಮೇಕ್ ಮಾಡುವವರ ಕಷ್ಟವೆಲ್ಲ ಇಲ್ಲಿಯೇ ಇದೆ. ಹೊಡೆದಾಟಕ್ಕೆ ಹಗ್ಗ ಕಟ್ಟಿ ಹಾರಿಸಬಹುದು, ಕಂಪ್ಯೂಟರಿನಲ್ಲಿ ಮೋಡ ಎಬ್ಬಿಸಬಹುದು. ನಾಯಕನೇ ಮಂದಬುದ್ಧಿಯವನಾದರೆ ಐವತ್ತು ಕಂತು ಅವನನ್ನು ಹೇಗೆ ನೋಡಿಸೋದು? ಹಾಗಾಗಿ ನಾನು ಹೊಡೆದಾಟಕ್ಕೆ ಅಂಕ ಹಾಕಲಿಲ್ಲ. ಐದರಲ್ಲೂ ಕೆಲವು ಜಾಗಗಳನ್ನು ಗುರುತಿಟ್ಟುಕೊಂಡು, ಅಲ್ಲಿಗೇ ಹೋಗಿ ನೋಡಿದೆ. ಯಕ್ಷಗಾನದ ಪ್ರೇಕ್ಷಕರು ಗೊತ್ತಿರುವ ಪ್ರಸಂಗಕ್ಕೇ ಹೋಗಿ, ಈ ಸಲ ಕರ್ಣ ಯಾರು, ಅರ್ಥ ಹೇಗೆ ಹೇಳುತ್ತಾರೆ ಅಂತ ಕಾಯುತ್ತಾರಲ್ಲ, ಚೀನಾದವರು ಈ ಧಾರಾವಾಹಿಗಳನ್ನು ನೋಡುವುದೂ ಹೆಚ್ಚುಕಡಿಮೆ ಹಾಗೇ.

ಮೊದಲ ಜಾಗ ಝಾಂಗ್‌ಜಿಯಾಕೌ ಊರಿನ ಹೋಟೆಲು. ಗುವೊ ಜಿಂಗ್ ಮಂಗೋಲಿಯಾದಿಂದ ಒಬ್ಬನೇ ಇಳಿದು ಬಂದಿದ್ದಾನೆ. ಮುಖಕ್ಕೆಲ್ಲ ಮಸಿ ಬಳಿದುಕೊಂಡ ಒಬ್ಬ ಭಿಕ್ಷುಕ ಹುಡುಗ ಹಬೆಯಲ್ಲಿ ಬೇಯಿಸಿದ ಬನ್ನು ಕದ್ದ ಅಂತ ಹೋಟೆಲಿನವರು ಬೈಯುತ್ತಿದ್ದಾರೆ. ಇವನು ದುಡ್ಡು ಕೊಡುತ್ತೇನೆ ಅಂದು ಬಿಡಿಸುತ್ತಾನೆ. ಆ ಹುಡುಗ ಬನ್ನನ್ನು ತಾನು ತಿನ್ನದೆ ಕಜ್ಜಿ ಹಿಡಿದ ಒಂದು ನಾಯಿಮರಿಗೆ ಎಸೆಯುತ್ತಾನೆ. ಆಮೇಲೆ ಊಟಕ್ಕೆ ಕೂತು, ನಾಲ್ಕು ಬಗೆ ಒಣ ಹಣ್ಣು, ನಾಲ್ಕು ಬಗೆ ಹಸಿ ಹಣ್ಣು, ಜೇನಲ್ಲಿ ಅದ್ದಿದ್ದು ನಾಲ್ಕು ಅಂತ ಶುರುಮಾಡಿ ಮಾಣಿ ಕಣ್ಣು ಬಿಡುವ ಹಾಗೆ ಆರ್ಡರ್ ಕೊಡುತ್ತಾನೆ. ತಂದದ್ದು ತಣ್ಣಗಾಯಿತು ಅಂತ ಮತ್ತೆ ಮಾಡಿಸುತ್ತಾನೆ. ಬಿಲ್ಲು 19 ಲಿಯಾಂಗ್ (ಚೀನಾದ ಹಳೇ ತೂಕ) ಬೆಳ್ಳಿಗೂ ಮೇಲೆ. ಗುವೊ ಜಿಂಗ್ ತುಟಿ ಪಿಟಕ್ಕೆನ್ನದೆ ಕೊಡುತ್ತಾನೆ. ಹೊರಗೆ ಚಳಿ ಅಂತ ತನ್ನ ತುಪ್ಪಳದ ಕೋಟನ್ನೂ ಹೊದಿಸುತ್ತಾನೆ. ಕೊನೆಗೆ ತನ್ನ ಕೆಂಪು ಕುದುರೆಯನ್ನೂ ಕೊಟ್ಟುಬಿಡುತ್ತಾನೆ. ಆ ಹುಡುಗನೇ ವೇಷ ಮರೆಸಿಕೊಂಡ ಹುವಾಂಗ್ ರೊಂಗ್.

ಈ ದೃಶ್ಯ ಗೆಲ್ಲಬೇಕಾದರೆ ಎರಡು ಆಗಬೇಕು. ಇವನನ್ನು ಪರೀಕ್ಷೆ ಮಾಡುತ್ತಾ ಮಾಡುತ್ತಾ ಅವಳು ಸೋಲುವುದು ನಮಗೆ ಕಾಣಬೇಕು. ಇವನು ಕೊಡುವಾಗ ಪೆದ್ದನ ಹಾಗೂ ಕಾಣಬಾರದು, ದೊಡ್ಡಸ್ತಿಕೆ ತೋರಿಸುವವನ ಹಾಗೂ ಕಾಣಬಾರದು.

1983ರಲ್ಲಿ ಹಾಂಗ್‌ಕಾಂಗ್‌ನ ಟೀವಿಬಿ ಚಾನೆಲ್ ಮಾಡಿದ ಧಾರಾವಾಹಿ ಇಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತದೆ. ಬಾರ್ಬರಾ ಯುಂಗ್ ಅವರ ಹುವಾಂಗ್ ರೊಂಗ್ ಕಣ್ಣಲ್ಲೇ ಲೆಕ್ಕ ಹಾಕುತ್ತಾಳೆ, ಕಣ್ಣಲ್ಲೇ ಕರಗುತ್ತಾಳೆ. ಫೆಲಿಕ್ಸ್ ವಾಂಗ್ ಅವರ ಗುವೊ ಜಿಂಗ್ ಎದುರಿಗೆ ಕೂತು ಅವಳ ಮಾತು ಕೇಳುತ್ತಾನೆ, ಅಷ್ಟೇ. ಮಾತು ಅರ್ಥವಾಗಲು ಅವನಿಗೆ ಒಂದು ಗಳಿಗೆ ಹೆಚ್ಚು ಬೇಕು. ಆ ಒಂದು ಗಳಿಗೆಯನ್ನು ಅವರು ಕೊನೆವರೆಗೂ ಬಿಟ್ಟುಕೊಡುವುದಿಲ್ಲ. ಹಿಂದಿನ ಗೋಡೆ ಬಣ್ಣ ಬಳಿದ ಪರದೆ ಅಂತ ಗೊತ್ತಾಗುತ್ತದೆ, ಮರ ಸ್ಟುಡಿಯೋದ್ದು ಅಂತಲೂ ಗೊತ್ತಾಗುತ್ತದೆ. ಎರಡು ಕಂತು ಆದಮೇಲೆ ಅದರ ಕಡೆ ಗಮನವೇ ಹೋಗುವುದಿಲ್ಲ. ಒಟ್ಟು 59 ಕಂತು, ಮೂರು ಭಾಗ. ಜೋಸೆಫ್ ಕೂ ಸಂಗೀತಕ್ಕೆ ರೋಮನ್ ಟ್ಯಾಮ್ ಮತ್ತು ಜೆನ್ನಿ ತ್ಸೆಂಗ್ ಹಾಡಿದ ಶೀರ್ಷಿಕೆ ಗೀತೆ ಇವತ್ತಿಗೂ ಜನರ ಬಾಯಲ್ಲಿದೆ. ಬಾರ್ಬರಾ ಯುಂಗ್ 1985ರಲ್ಲಿ, 26ನೇ ವಯಸ್ಸಿಗೇ ತೀರಿಕೊಂಡರು. ಅವರ ನಂತರ ಈ ಪಾತ್ರ ಮಾಡಿದ ಪ್ರತಿಯೊಬ್ಬ ನಟಿಯೂ ಆ ಹೋಲಿಕೆಯನ್ನು ಹೊತ್ತುಕೊಂಡೇ ಕ್ಯಾಮೆರಾ ಮುಂದೆ ನಿಲ್ಲಬೇಕಾಯಿತು. ಇನ್ನೊಂದು ಮಜಾ: ಮುಂದೆ ದೊಡ್ಡ ಕಾಮಿಡಿ ಹೀರೋ ಆದ ಸ್ಟೀಫನ್ ಚೌ ಇದರಲ್ಲಿ ಸಾಯುವ ಸಣ್ಣ ಪಾತ್ರವೊಂದರಲ್ಲಿ ಇದ್ದಾರೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ.

ಇದರ ತೊಂದರೆ ಎಂದರೆ ನಡಿಗೆ. ಬಂದವರು ಬಂದು, ನಿಂತು, ಸಾಲಾಗಿ ಮಾತಾಡಿ, ಆಮೇಲೆ ಹೊಡೆದಾಡುತ್ತಾರೆ. ನಾನು ಕಂಡ ಸಬ್‌ಟೈಟಲ್‌ಗಳೂ ಅಷ್ಟಕ್ಕಷ್ಟೆ. ಕಾಲುಭಾಗ ಊಹೆ ಮಾಡಿಕೊಂಡೇ ನೋಡಬೇಕು.

1994ರದ್ದೂ ಟೀವಿಬಿಯದೇ. 35 ಕಂತಲ್ಲಿ ಮುಗಿಸಿದ್ದಾರೆ. ಜೂಲಿಯನ್ ಚಿಯುಂಗ್ ಮತ್ತು ಅಥೀನಾ ಚು ಜೋಡಿ ನೋಡೋಕೆ ಚೆಂದ. ಗ್ಯಾಲನ್ ಲೋ ಅವರ ಯಾಂಗ್ ಕಾಂಗ್‌ಗೆ ಸರಿಯಾದ ಖಾರವಿದೆ. ಆದರೂ ಇದರ ಬಗ್ಗೆ ಹೇಳೋಕೆ ನನಗೆ ಜಾಸ್ತಿ ಇಲ್ಲ. ಹೋಟೆಲ್ ದೃಶ್ಯ ನಗಿಸುತ್ತದೆ, ಮುಂದಕ್ಕೆ ಹೋಗುತ್ತದೆ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಹಾಕಿಕೊಂಡು ಕೂರೋಕೆ ಅಡ್ಡಿಯಿಲ್ಲ.

2003ಕ್ಕೆ ಬಂದರೆ ಬೇರೆಯದೇ ಪ್ರಪಂಚ. ನಿರ್ಮಾಪಕ ಝಾಂಗ್ ಜಿಝೊಂಗ್. ಇದಕ್ಕೂ ಮೊದಲು ಚೀನಾದ ಸರ್ಕಾರಿ ಚಾನೆಲ್ ಸಿಸಿಟಿವಿಗೆ ಜಿನ್ ಯೊಂಗ್ ತಮ್ಮ ಇನ್ನೊಂದು ಕಾದಂಬರಿಯ ಹಕ್ಕನ್ನು ಬರೀ ಒಂದು ಯುವಾನ್‌ಗೆ ಕೊಟ್ಟಿದ್ದರು. ಅದನ್ನು ಧಾರಾವಾಹಿ ಮಾಡಿ 2001ರಲ್ಲಿ ತೋರಿಸಿದ್ದೂ ಇದೇ ನಿರ್ಮಾಪಕ. ಆಮೇಲೆ ಅವರು ಕೈಹಾಕಿದ್ದು ಇದಕ್ಕೆ. ಸ್ಟುಡಿಯೋ ಬಿಟ್ಟು ಬಯಲಿಗೆ ಬಂದರು. ಹುಲ್ಲುಗಾವಲು ಅಂದರೆ ನಿಜವಾದ ಹುಲ್ಲುಗಾವಲು, ಸಮುದ್ರ ಅಂದರೆ ನಿಜವಾದ ಸಮುದ್ರ. ಹುವಾಂಗ್ ರೊಂಗ್ ಹುಟ್ಟಿ ಬೆಳೆದ ಪೀಚ್ ಹೂವಿನ ದ್ವೀಪಕ್ಕೆ ಝೆಜಿಯಾಂಗ್ ಕರಾವಳಿಯ ಝೌಶಾನ್‌ನಲ್ಲಿರುವ ಅದೇ ಹೆಸರಿನ ದ್ವೀಪಕ್ಕೇ ಹೋಗಿ ಸೆಟ್ ಹಾಕಿದರು. ಗುವೊ ಜಿಂಗ್‌ನ ಬಾಲ್ಯದ ಕಂತುಗಳು ಐದರಲ್ಲಿ ಚೆನ್ನಾಗಿರುವುದು ಇಲ್ಲಿಯೇ. ಕುದುರೆಗಳ ಧೂಳಲ್ಲಿ ಆ ಹುಡುಗ ಎಷ್ಟು ಚಿಕ್ಕವನಾಗಿ ಕಾಣುತ್ತಾನೆ ಅಂದರೆ, ಇವನು ಮುಂದೆ ಏನು ಕಲಿತಾನು ಅಂತ ನಮಗೂ ಅನುಮಾನ ಬರುತ್ತದೆ.

ಆದರೆ ಲಿ ಯಾಪೆಂಗ್ ದೊಡ್ಡ ಗುವೊ ಜಿಂಗ್ ಆಗಿ ಬಂದ ಕೂಡಲೇ ತೊಡಕು ಶುರು. ನಿಧಾನ ಬುದ್ಧಿ ತೋರಿಸೋಕೆ ಹೋಗಿ ಮುಖವನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಎದುರಿಗೆ ಝೌ ಶುನ್. ಅವರ ಒರಟು ದನಿ ಹುವಾಂಗ್ ರೊಂಗ್‌ಗೆ ಒಗ್ಗುವುದಿಲ್ಲ ಅಂತ ಆಗ ಚೀನಾದಲ್ಲಿ ಬೇಕಾದಷ್ಟು ಜನ ಗೊಣಗಿದ್ದರು. ನನಗೆ ಆ ದನಿ ಹಿಡಿಸಿತು. ಭಿಕ್ಷುಕನ ವೇಷದಲ್ಲಿ ನಿಜವಾಗಿಯೂ ಬೀದಿಯಲ್ಲಿ ಬಿದ್ದೆದ್ದು ಬಂದ ಹುಡುಗನ ಹಾಗೆ ಕಾಣುವುದು ಇವರೊಬ್ಬರೇ. ಉಳಿದ ನಾಲ್ವರೂ ಮಸಿ ಬಳಿದುಕೊಂಡ ಸುಂದರಿಯರು. ಹೋಟೆಲ್ ದೃಶ್ಯದಲ್ಲಿ ಅರ್ಧ ಆಟ ಇವರು ಒಬ್ಬರೇ ಗೆಲ್ಲುತ್ತಾರೆ. ಇನ್ನರ್ಧಕ್ಕೆ ಜೊತೆ ಸಿಗುವುದಿಲ್ಲ.

ಮೇ ಚಾವೊಫೆಂಗ್ ವಿಚಾರ ಹೇಳಲೇಬೇಕು. ತಲೆಬುರುಡೆಗೆ ಬೆರಳು ಚುಚ್ಚಿ ಸಾಧನೆ ಮಾಡುವ ಕುರುಡಿ. 2003ರಲ್ಲಿ ಈ ಪಾತ್ರ ಮಾಡಿದ್ದು ನೃತ್ಯಗಾತಿ ಯಾಂಗ್ ಲಿಪಿಂಗ್, ನವಿಲು ನೃತ್ಯಕ್ಕೆ ಹೆಸರಾದವರು. ಆ ಬೆರಳುಗಳನ್ನು ನೋಡಿಯೇ ಭಯ ಬೀಳಬೇಕು. ಸ್ಪೆಷಲ್ ಎಫೆಕ್ಟ್ ಬೇಕಾಗಿಯೇ ಇಲ್ಲ.

2008ರದ್ದಕ್ಕೆ ಅಂಕ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಚಿತ್ರೀಕರಣದ ನಡುವೆ, 2006ರಲ್ಲಿ, ನಾಯಕ ಹೂ ಗ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. ಅವರ ಸಹಾಯಕಿ ತೀರಿಕೊಂಡರು. ತಂಡ ಬೇರೆ ನಾಯಕನನ್ನು ಹುಡುಕದೆ ಸುಮಾರು ಒಂದು ವರ್ಷ ಕಾದು, ಅವರೇ ಬಂದಮೇಲೆ ಉಳಿದದ್ದನ್ನು ಮುಗಿಸಿತು. ಅದು ದೊಡ್ಡ ಮಾತು. ಧಾರಾವಾಹಿ ಮಾತ್ರ ಸಾಧಾರಣ. ಹೂ ಗ ಮುಖದಲ್ಲಿ ಬುದ್ಧಿವಂತಿಕೆ ಎದ್ದು ಕಾಣುತ್ತದೆ, ಅದನ್ನು ಎಲ್ಲಿ ಬಚ್ಚಿಡೋದು? ಆರಿಯಲ್ ಲಿನ್ ಅವರ ಹುವಾಂಗ್ ರೊಂಗ್ ಮುದ್ದು ಜಾಸ್ತಿ, ಚೂಪು ಕಡಿಮೆ. ಕತೆಯನ್ನೂ ಅಲ್ಲಲ್ಲಿ ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡಿದ್ದಾರೆ. ಹುವಾಂಗ್ ರೊಂಗ್‌ಳ ಅಪ್ಪನಾಗಿ ಆಂಟನಿ ವಾಂಗ್ ಬಂದಾಗಲೆಲ್ಲ ನಾನು ಫೋನು ಕೆಳಗಿಟ್ಟೆ. ಆಮೇಲೆ ಮತ್ತೆ ಎತ್ತಿಕೊಂಡೆ.

ಇನ್ನು 2017. 52 ಕಂತು. ಯಾಂಗ್ ಶುವೆನ್, ಲಿ ಯಿಟೊಂಗ್, ಇಬ್ಬರೂ ಆಗ ಹೆಚ್ಚು ಹೆಸರಿಲ್ಲದವರು. ಲಿ ಯಿಟೊಂಗ್ ಬೀಜಿಂಗ್ ಡ್ಯಾನ್ಸ್ ಅಕಾಡೆಮಿಯಲ್ಲಿ ನೃತ್ಯ ಕಲಿತು ಬಂದವರು. ಹೊಸಬರನ್ನು ಹಾಕಿದ್ದು ಒಳ್ಳೆಯದೇ ಆಯಿತು. ಸ್ಟಾರ್ ಆಗಿದ್ದರೆ ನಾಯಕನನ್ನು ದಡ್ಡನಾಗಿ ಬಿಡುತ್ತಿದ್ದರೋ ಇಲ್ಲವೋ. ಯಾಂಗ್ ಶುವೆನ್ ಅವರ ಗುವೊ ಜಿಂಗ್ ದಪ್ಪ ಹುಬ್ಬಿನ ದೊಡ್ಡ ದೇಹದ ಹುಡುಗ, ಕೈ ಎಲ್ಲಿ ಇಡೋದು ಅಂತ ಗೊತ್ತಾಗದೆ ನಿಂತಿರುತ್ತಾನೆ. ಹೋಟೆಲ್ ದೃಶ್ಯದಲ್ಲಿ ಇವನು ತನ್ನ ಮಂಗೋಲಿಯಾದ ಕತೆ ಹೇಳಿಕೊಳ್ಳುತ್ತಾ ಖುಷಿಪಡುವುದು ನೋಡಬೇಕು. ಮನೆ ಬಿಟ್ಟು ಬಂದಮೇಲೆ ಇವನ ಮಾತು ಕೇಳೋಕೆ ಸಿಕ್ಕ ಮೊದಲ ಜೀವ ಅದು ಅಂತ ಅರ್ಥವಾಗುತ್ತದೆ. ಕುದುರೆ ಕೊಟ್ಟದ್ದು ಯಾಕೆ ಅನ್ನುವುದಕ್ಕೆ ಅಷ್ಟು ಸಾಕು.

ನನ್ನ ಎರಡನೇ ಜಾಗ ಅಡುಗೆಯದು. ಭಿಕ್ಷುಕರ ಪಡೆಯ ಮುಖಂಡ ಹೊಂಗ್ ಚಿಗೊಂಗ್‌ಗೆ ಒಂಬತ್ತೇ ಬೆರಳು. ತಿಂಡಿಯ ಚಪಲದಲ್ಲಿ ಒಂದು ಮುಖ್ಯ ಕೆಲಸ ಕೆಡಿಸಿಕೊಂಡೆ ಅಂತ ತಾನೇ ಒಂದನ್ನು ಕತ್ತರಿಸಿಕೊಂಡವನು. ಚಪಲ ಮಾತ್ರ ಹೋಗಿಲ್ಲ. ಹುವಾಂಗ್ ರೊಂಗ್ ಮಣ್ಣು ಮೆತ್ತಿ ಕೆಂಡದಲ್ಲಿ ಸುಟ್ಟ ಕೋಳಿಯ ವಾಸನೆಗೆ ಹುಡುಕಿಕೊಂಡು ಬರುತ್ತಾನೆ. ಆಮೇಲೆ ಅವಳು ದಿನಕ್ಕೊಂದು ಬಗೆ ಮಾಡಿ ಬಡಿಸುತ್ತಾಳೆ, ಅವನು ಗುವೊ ಜಿಂಗ್‌ಗೆ ಡ್ರ್ಯಾಗನ್ ಹಸ್ತದ ಪಟ್ಟು ಒಂದೊಂದಾಗಿ ಕಲಿಸುತ್ತಾನೆ. ಇರುವುದು ಹದಿನೆಂಟು. ಹದಿನೈದಕ್ಕೆ ನಿಲ್ಲಿಸುತ್ತಾನೆ. ಏಳು ಗುರುಗಳ ಕೈಲಿ ಆಗದ್ದು ಇಲ್ಲಿ ಆಗುತ್ತದೆ. ಯಾಕೆಂದರೆ ಈ ವಿದ್ಯೆಗೆ ಚಳಕ ಬೇಡ, ಒಂದೇ ಪಟ್ಟನ್ನು ಬೇಸರವಿಲ್ಲದೆ ಸಾವಿರ ಸಲ ಹೊಡೆಯುವವನು ಬೇಕು. ದಡ್ಡತನವೇ ಇಲ್ಲಿ ಬಂಡವಾಳ.

ಇದನ್ನು ಅವಸರದಲ್ಲಿ ದಾಟಿಸಿದ ಧಾರಾವಾಹಿ ಆಮೇಲೆ ಏನು ಮಾಡಿದರೂ ಗುವೊ ಜಿಂಗ್ ದೊಡ್ಡ ವೀರನಾದದ್ದನ್ನು ನಂಬಿಸಲಾರದು. 1983ರಲ್ಲಿ ಲೌ ಡ್ಯಾನ್ ಹೊಂಗ್ ಚಿಗೊಂಗ್ ಆಗಿ ಕೋಳಿ ಕಾಲು ಕಚ್ಚುವುದನ್ನು ನೋಡಿದರೆ ನಮಗೆ ಹಸಿವಾಗುತ್ತದೆ. 1994ರಲ್ಲೂ ಅವರನ್ನೇ ಕರೆದದ್ದು ಸುಮ್ನೆ ಅಲ್ಲ. 2017ರಲ್ಲಿ ಝಾವೊ ಲಿಶಿನ್ ಸ್ವಲ್ಪ ಅಚ್ಚುಕಟ್ಟು ಜಾಸ್ತಿ, ಹರಕು ಬಟ್ಟೆಗೂ ಇಸ್ತ್ರಿ ಹಾಕಿದ ಹಾಗಿದೆ. ಆದರೂ ಕಲಿಕೆಗೆ ಬೇಕಾದ ಹೊತ್ತು ಕೊಟ್ಟಿದ್ದಾರೆ. ಒಂದು ಮರಕ್ಕೆ ಹುಡುಗ ಹೊಡೆಯುತ್ತಲೇ ಇರುತ್ತಾನೆ, ಹೊಡೆಯುತ್ತಲೇ ಇರುತ್ತಾನೆ. ಸ್ಲೋ ಮೋಷನ್ ಕಾಟ ಮಾತ್ರ ಇದೆ, ಹೊಡೆದಾಟದಲ್ಲಿ ಬಟ್ಟೆ ಹಾರುವುದನ್ನು ಅಷ್ಟು ಹೊತ್ತು ತೋರಿಸಬೇಕಾಗಿರಲಿಲ್ಲ.

ಯಾಂಗ್ ಕಾಂಗ್ ಬಗ್ಗೆ ಒಂದು ಮಾತು. ಮೂಲದಲ್ಲಿ ಅವನ ಸಾವು ಬಹಳ ಕೆಟ್ಟದ್ದು. ಹುವಾಂಗ್ ರೊಂಗ್‌ಗೆ ಹೊಡೆಯಲು ಹೋಗಿ, ಅವಳು ತೊಟ್ಟ ಮುಳ್ಳಿನ ಕವಚದಲ್ಲಿದ್ದ ವಿಷ ಏರಿ ಹಾಳು ಗುಡಿಯಲ್ಲಿ ಒದ್ದಾಡಿ ಸಾಯುತ್ತಾನೆ. ಟೀವಿಯವರಿಗೆ ಅಷ್ಟು ಕಠಿಣ ಆಗೋಕೆ ಆಗುವುದಿಲ್ಲ. ಹೊಸ ರೀಮೇಕ್ ಬಂದ ಹಾಗೆ ಅವನ ಪ್ರೇಮಕ್ಕೆ ಕಂತು ಹೆಚ್ಚಾಗುತ್ತಾ ಬಂದಿದೆ, ಹುಡುಗಿಯರ ಕಣ್ಣೀರೂ ಹೆಚ್ಚಾಗಿದೆ. 2017ರಲ್ಲಿ ಚೆನ್ ಶಿಂಗ್‌ಶು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಕೆಲವು ಕಂತುಗಳಲ್ಲಿ ಗುವೊ ಜಿಂಗ್‌ನನ್ನೇ ಮರೆತುಬಿಡುತ್ತೇವೆ. ಅದು ಹೊಗಳಿಕೆಯೂ ಹೌದು, ದೂರೂ ಹೌದು.

ಕೊನೆಯ ಜಾಗ ಗೆಂಘಿಸ್ ಖಾನ್ ಜೊತೆಗಿನ ಮಾತು. ಸಾಯುವ ಮುನ್ನ ಖಾನ್ ಹುಲ್ಲುಗಾವಲಿನಲ್ಲಿ ತನ್ನ ರಾಜ್ಯದ ವಿಸ್ತಾರ ಹೇಳಿಕೊಳ್ಳುತ್ತಾನೆ. ಸತ್ತಮೇಲೆ ಒಬ್ಬನಿಗೆ ಎಷ್ಟು ಜಾಗ ಬೇಕು ಅಂತ ಗುವೊ ಜಿಂಗ್ ಕೇಳುತ್ತಾನೆ. ಖಾನ್ ಚಾಟಿಯಿಂದ ಒಂದು ಸುತ್ತು ಹಾಕಿ, ಇಷ್ಟು ಅನ್ನುತ್ತಾನೆ. ದಡ್ಡ ಅನ್ನಿಸಿಕೊಂಡವನು ಜಗತ್ತಿನ ದೊಡ್ಡ ದೊರೆಗೆ ಪ್ರಶ್ನೆ ಹಾಕುವ ಜಾಗ ಇದು. 2003ರದ್ದು ಇಲ್ಲಿ ಎಲ್ಲರಿಗಿಂತ ಮುಂದೆ. ಮಂಗೋಲ್ ನಟ ಬಾಸೆನ್ ಖಾನ್ ಆಗಿದ್ದಾರೆ, ಹಿಂದೆ ನಿಜವಾದ ಬಯಲಿದೆ. ಮುಖ ಆಡಿಸದ ಲಿ ಯಾಪೆಂಗ್ ಕೂಡ ಇಲ್ಲಿ ಸರಿಯಾಗಿ ಕೂತುಬಿಟ್ಟಿದ್ದಾರೆ. ಸ್ಟುಡಿಯೋದ ಹುಲ್ಲಿನ ಮೇಲೆ ನಿಂತು ಇಷ್ಟು ದೊಡ್ಡ ರಾಜ್ಯ ಅಂದರೆ ಯಾರು ನಂಬುತ್ತಾರೆ ಹೇಳಿ?

ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು 2017. ಸಬ್‌ಟೈಟಲ್ ಅರ್ಥವಾಗುತ್ತದೆ, ಕತೆ ಮೂಲದ ದಾರಿ ಬಿಟ್ಟು ಬಹಳ ದೂರ ಹೋಗುವುದಿಲ್ಲ. 1983ರದ್ದನ್ನು ಆಮೇಲೆ ನೋಡಿದರೆ ರುಚಿ ಹೆಚ್ಚು. 2017ರವರು ಹಳಬರನ್ನು ಹೇಗೆ ಸೇರಿಸಿಕೊಂಡಿದ್ದಾರೆ ಅನ್ನುವುದು ಆಗ ಗೊತ್ತಾಗುತ್ತದೆ. 1983ರಲ್ಲಿ ಯಾಂಗ್ ಕಾಂಗ್ ಆಗಿದ್ದ ಮೈಕಲ್ ಮಿಯು ಇಲ್ಲಿ ಹುವಾಂಗ್ ರೊಂಗ್‌ಳ ಅಪ್ಪ. 1976ರಲ್ಲಿ ಹುವಾಂಗ್ ರೊಂಗ್ ಆಗಿದ್ದ ಮಿಶೆಲ್ ಯಿಮ್ ಇಲ್ಲಿ ಮೇ ಚಾವೊಫೆಂಗ್. 1983ರ ಆ ಹಾಡನ್ನೂ ಬಿಟ್ಟಿಲ್ಲ. ಹೊಡೆದಾಟ ಬೇಡ, ಊರು ಬಯಲು ನೋಡಬೇಕು ಅನ್ನುವವರು 2003ರ ಮೊದಲ ಹತ್ತು ಕಂತು ನೋಡಿ.

2024ರದ್ದು ಇನ್ನೂ ನೋಡುತ್ತಿದ್ದೇನೆ. 30 ಕಂತಿಗೆ ಹಿಂಡಿದ್ದಾರೆ, ಬೆಳಕು ಬಣ್ಣ ಬಹಳ ಚೆಂದ. ಆದರೆ ಆ ಹುಡುಗನಿಗೆ ದಡ್ಡನಾಗಿರಲು ಪುರುಸೊತ್ತೇ ಕೊಟ್ಟಿಲ್ಲ. ಅರ್ಧಕ್ಕೆ ನಿಲ್ಲಿಸಿದ್ದೇನೆ. ಮುಂದಿನ ರೀಮೇಕ್ ಬರುವಷ್ಟರಲ್ಲಿ ಮುಗಿಸಿದರಾಯಿತು.